ನಗರದ ತೋಟಗಳಲ್ಲಿ ಸ್ಥಳೀಯ ಜೇನ್ನೊಣಗಳು: ವಿದ್ಯಾರ್ಥಿ ಸ್ವಯಂಸೇವಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಬಡಾವಣೆಯ ಉದ್ಯಾನಗಳು, ಕಾಲೇಜು ಆವರಣಗಳು, ಅಪಾರ್ಟ್‌ಮೆಂಟ್ ತೋಟಗಳು ಮತ್ತು ಮನೆಯ ತಾರಸಿಗಳಲ್ಲಿ ಜೇನ್ನೊಣಗಳಿಗಾಗಿ ಕೆಲಸ ಮಾಡುವ ನಮ್ಮ ವಿದ್ಯಾರ್ಥಿ ತಂಡಕ್ಕೆ ಹೊಸದಾಗಿ ಸೇರುವವರು, ಅವರ ಪೋಷಕರು ಮತ್ತು ತೋಟದ ಮಾಲೀಕರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಮೊದಲ ದಿನ ತೋಟಕ್ಕೆ ಬರುವ ಮುನ್ನ ಇದನ್ನು ಒಮ್ಮೆ ಪೂರ್ತಿಯಾಗಿ ಓದಿಕೊಂಡು ಬನ್ನಿ.

ಸ್ವಯಂಸೇವಕರು ಮಾಡಬೇಕಾದ ಕೆಲಸ ಏನು?

ಮೂರು ಬಗೆಯ ಕೆಲಸಗಳಿವೆ. ಹೂವಿಗೆ ಬರುವ ಜೇನ್ನೊಣಗಳನ್ನು ತಿಂಗಳಿಗೆರಡು ಬಾರಿ ಎಣಿಸಿ ದಾಖಲಿಸುವುದು ಒಂದು. ವರ್ಷದ ಎಲ್ಲ ಕಾಲದಲ್ಲೂ ಏನಾದರೊಂದು ಹೂ ಇರುವಂತೆ ಗಿಡಗಳನ್ನು ಬೆಳೆಸುವುದು ಇನ್ನೊಂದು. ಮೂರನೆಯದು, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಅವು ಗೂಡು ಕಟ್ಟುವ ಜಾಗಗಳನ್ನು ಗುರುತಿಸಿ, ಆ ಜಾಗವನ್ನು ಯಾರೂ ಅಗೆಯದಂತೆ, ಮುಚ್ಚದಂತೆ, ಗುಡಿಸಿ ಹಾಕದಂತೆ ತೋಟದವರ ಜೊತೆ ಮಾತನಾಡಿ ಉಳಿಸಿಕೊಳ್ಳುವುದು. ಗುದ್ದಲಿ ಹಿಡಿಯುವ ಕೆಲಸಕ್ಕಿಂತ ಮಾತನಾಡುವ ಕೆಲಸವೇ ಇಲ್ಲಿ ಹೆಚ್ಚು ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ಸ್ಥಳೀಯ ಜೇನ್ನೊಣಗಳು ಎಂದರೆ ಯಾವುವು?

ಜೇನು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ತುಪ್ಪ ಮತ್ತು ಹಲ್ಲೆ, ಅಂದರೆ ಮೇಣದ ಗೂಡು. ಆದರೆ ಜಗತ್ತಿನಲ್ಲಿ ಇದುವರೆಗೆ ಹೆಸರಿಸಲಾಗಿರುವ ಸುಮಾರು 20,000 ಜೇನ್ನೊಣ ಪ್ರಭೇದಗಳಲ್ಲಿ ಬಹುಪಾಲಿನವು ಸಂಸಾರ ಕಟ್ಟಿಕೊಂಡು ತುಪ್ಪ ಕೂಡಿಡುವುದಿಲ್ಲ. ಒಂದೊಂದು ಹೆಣ್ಣೂ ತನ್ನದೇ ಪುಟ್ಟ ಗೂಡು ಮಾಡಿ, ತಾನೇ ಪರಾಗ ತಂದು, ತಾನೇ ಮೊಟ್ಟೆಯಿಟ್ಟು ಮುಚ್ಚುತ್ತದೆ. ಇವನ್ನು ನಾವು ಒಂಟಿ ಜೇನ್ನೊಣಗಳು ಎನ್ನುತ್ತೇವೆ.

ತುಪ್ಪ ಮಾಡುವವುಗಳಲ್ಲಿ ಬೆಂಗಳೂರಿನಲ್ಲಿ ಕಾಣುವ ಸ್ಥಳೀಯ ಜೇನುಗಳು ನಾಲ್ಕು. ಎತ್ತರದ ಮರ, ನೀರಿನ ಟ್ಯಾಂಕು, ಬಹುಮಹಡಿ ಕಟ್ಟಡಗಳ ಸಜ್ಜಾದ ಕೆಳಗೆ ಒಂದೇ ದೊಡ್ಡ ಹಲ್ಲೆಯನ್ನು ತೂಗುಹಾಕುವುದು ಹೆಜ್ಜೇನು. ಮರದ ಪೊಟರೆ, ಗೋಡೆಯ ಬಿರುಕು, ಕೆಲವೊಮ್ಮೆ ನೀರಿನ ಮೀಟರಿನ ಡಬ್ಬಿಯೊಳಗೆ ಹಲವು ಹಲ್ಲೆಗಳನ್ನು ಕಟ್ಟುವುದು ತುಡುವೆ. ಬೇಲಿಗಿಡದ ರೆಂಬೆಗೆ ಅಂಗೈಯಗಲದ ಒಂದೇ ಹಲ್ಲೆ ಕಟ್ಟುವುದು ಕೋಲುಜೇನು. ಇರುವೆಗಳು ಹತ್ತದಂತೆ ಇದು ರೆಂಬೆಯ ಎರಡೂ ಬದಿಗೆ ಅಂಟಿನ ಪಟ್ಟಿ ಬಳಿದುಕೊಂಡಿರುತ್ತದೆ. ಕೊನೆಯದು ಕಪ್ಪು ಇರುವೆಗೆ ರೆಕ್ಕೆ ಬಂದಂತೆ ಕಾಣುವ, ಅಕ್ಕಿಕಾಳಿಗಿಂತ ಚಿಕ್ಕದಾದ ನಸರಿ. ಹಳೆಯ ಕಲ್ಲುಕಟ್ಟಡದ ಸಂದಿನಿಂದ ಅರ್ಧ ಬೆರಳುದ್ದದ ಮೇಣದ ಕೊಳವೆಯೊಂದು ಹೊರಚಾಚಿದ್ದರೆ ಅದು ನಸರಿಯ ಹೆಬ್ಬಾಗಿಲು. ಕೆಲವು ಊರುಗಳಲ್ಲಿ ಇದನ್ನು ಮುಜಂಟಿ, ಮಿಸ್ರಿ ಎಂದೂ ಕರೆಯುತ್ತಾರೆ.

ಒಂಟಿ ಜೇನ್ನೊಣಗಳ ಪೈಕಿ ಮೊದಲು ಕಲಿಯಬೇಕಾದವು ಕೆಲವಿವೆ. ಒಣಮರ ಮತ್ತು ಬಿದಿರನ್ನು ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ ಎಲ್ಲರಿಗೂ ಗೊತ್ತು. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳಿರುವ ನೀಲಿಪಟ್ಟೆ ಜೇನ್ನೊಣ ನೆಲದಲ್ಲಿ, ಮಣ್ಣಿನ ಗೋಡೆಯಲ್ಲಿ ಬಿಲ ತೋಡುತ್ತದೆ. ಇದರ ಗಂಡುಗಳು ಸಂಜೆಯಾದೊಡನೆ ಒಣಗಿದ ಕಡ್ಡಿಯೊಂದನ್ನು ದವಡೆಯಿಂದ ಕಚ್ಚಿ ಹಿಡಿದು, ಸಾಲಾಗಿ ತೂಗಾಡುತ್ತ ನಿದ್ದೆ ಹೋಗುತ್ತವೆ. ಟಾರ್ಚಿನ ಮಂದ ಬೆಳಕಿನಲ್ಲಿ ಅದನ್ನು ಒಮ್ಮೆ ಕಂಡ ವಿದ್ಯಾರ್ಥಿಗಳು ಮುಂದೆ ಕಡ್ಡಿ ಕೀಳುವ ಮುನ್ನ ಬಗ್ಗಿ ನೋಡುತ್ತಾರೆ. ಎಲೆಕತ್ತರಿ ಜೇನ್ನೊಣ ಗುಲಾಬಿ, ಮಂದಾರದಂಥ ಗಿಡಗಳ ಎಲೆಯನ್ನು ಕೆಲವೇ ಸೆಕೆಂಡುಗಳಲ್ಲಿ ದುಂಡಗೆ ಕತ್ತರಿಸಿ, ಸುರುಳಿ ಮಾಡಿ ಕಾಲುಗಳ ನಡುವೆ ಹಿಡಿದು ಹಾರುತ್ತದೆ. ಗೂಡಿನ ಗೋಡೆಗೆ ಉದ್ದನೆಯ ತುಂಡು, ಮುಚ್ಚಳಕ್ಕೆ ಗುಂಡನೆಯ ತುಂಡು. ಗುಲಾಬಿ ಎಲೆಯಲ್ಲಿ ಅಂಥ ಕಚ್ಚುಗಳು ಕಂಡರೆ ಗಿಡಕ್ಕೆ ರೋಗ ಬಂದಿದೆ ಎಂದು ಔಷಧ ಹೊಡೆಯಬೇಡಿ.

ಜೇನುಪೆಟ್ಟಿಗೆ ಇಟ್ಟರೆ ಸಾಲದೇ?

ಜೇನುಸಾಕಣೆ ಒಳ್ಳೆಯ ಕಸುಬು, ಅದರಿಂದ ಬದುಕುವ ಕುಟುಂಬಗಳು ಕೊಡಗು, ಮಲೆನಾಡು, ಕರಾವಳಿಯಲ್ಲಿ ಸಾಕಷ್ಟಿವೆ. ಆದರೆ ಪೆಟ್ಟಿಗೆ ಇಡುವುದು ಸಾಕಣೆಯೇ ಹೊರತು ಸಂರಕ್ಷಣೆಯಲ್ಲ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ತುಪ್ಪದ ಹಿಂದಿರುವ ಯುರೋಪಿಯನ್ ಜೇನ್ನೊಣವನ್ನು 1962ರಲ್ಲಿ ಇಂದಿನ ಹಿಮಾಚಲ ಪ್ರದೇಶದ ನಗರೋಟಾ ಬಗವಾನ್‌ನಲ್ಲಿ ನೆಲೆಗೊಳಿಸಲಾಯಿತು. ಅದು ನಮ್ಮ ನೆಲದ್ದಲ್ಲ. ಚಿಕ್ಕ ಉದ್ಯಾನವೊಂದರಲ್ಲಿ ಅದರ ನಾಲ್ಕಾರು ಪೆಟ್ಟಿಗೆ ಇಟ್ಟರೆ ಸಾವಿರಾರು ಬಾಯಿಗಳು ಇದ್ದಷ್ಟು ಹೂವಿಗೆ ಮುಗಿಬೀಳುತ್ತವೆ, ಕೆಲವು ನೂರು ಮೀಟರಿನಾಚೆಗೆ ಹಾರಲಾರದ ಸಣ್ಣ ಜೇನ್ನೊಣಗಳಿಗೆ ಬೇರೆ ದಾರಿ ಉಳಿಯುವುದಿಲ್ಲ.

ತುಡುವೆ ನಮ್ಮದೇ ಜೇನು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಕರ್ನಾಟಕದ ತುಡುವೆ ಸಂಸಾರಗಳನ್ನು ಬಹುಪಾಲು ಅಳಿಸಿಹಾಕಿದ್ದನ್ನು ಹಿರಿಯ ಜೇನು ಕೃಷಿಕರು ಇಂದಿಗೂ ನೆನೆಯುತ್ತಾರೆ. ತುಡುವೆ ಸಾಕಲು ನಿಜವಾದ ಆಸಕ್ತಿ ಇರುವವರು ಜಿಕೆವಿಕೆ ಆವರಣದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೇನುಕೃಷಿ ವಿಭಾಗದಂಥ ಕಡೆ ಕಲಿತು ಮುಂದುವರಿಯಲಿ ಎಂಬುದು ನಮ್ಮ ಸಲಹೆ. ನಮ್ಮ ತಂಡ ಮಾತ್ರ ಪೆಟ್ಟಿಗೆ ಇಡುವುದಿಲ್ಲ. ಸಾಕಿದವುಗಳನ್ನು ನೋಡಿಕೊಳ್ಳಲು ಸಾಕಿದವರಿದ್ದಾರೆ, ಗೋಡೆಯ ಸಂದಿನಲ್ಲಿರುವವುಗಳಿಗೆ ಯಾರೂ ಇಲ್ಲ.

ನಗರದಲ್ಲಿ ಅವುಗಳಿಗೆ ನಿಜವಾಗಿ ಕೊರತೆ ಇರುವುದು ಯಾವುದರದು?

ಹೂವಿನ ಕೊರತೆ ಇದೆ, ನಿಜ. ಆದರೆ ಹೂ ಇದ್ದೂ ಜೇನ್ನೊಣ ಇಲ್ಲದ ತೋಟಗಳನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ, ಮತ್ತು ಅಂಥ ಕಡೆಗಳಲ್ಲಿ ಹೆಚ್ಚಿನ ಸಲ ಕಾರಣ ಗೂಡಿನ ಜಾಗ ಇಲ್ಲದಿರುವುದು. ಕಾಲುದಾರಿಗೆ ಇಂಟರ್‌ಲಾಕ್ ಕಲ್ಲು, ಮರದ ಬುಡಕ್ಕೆ ಸಿಮೆಂಟು, ಉಳಿದ ಮಣ್ಣಿಗೆ ಹುಲ್ಲುಹಾಸು ಅಥವಾ ತೆಂಗಿನ ನಾರಿನ ಹೊದಿಕೆ. ಒಣಗಿದ ಕೊಂಬೆ ಕಂಡರೆ ಕಡಿದು ಲಾರಿಗೆ. ನೆಲದಲ್ಲಿ ಬಿಲ ತೋಡುವ ಜೇನ್ನೊಣಕ್ಕೆ ಬೇಕಾದದ್ದು ಬಿಸಿಲು ಬೀಳುವ, ನೀರು ನಿಲ್ಲದ, ಯಾರೂ ಕೆದಕದ ಎರಡು ಚದರ ಅಡಿ ಬೋಳು ಮಣ್ಣು. ಅಷ್ಟೂ ಸಿಗದಷ್ಟು ಅಚ್ಚುಕಟ್ಟಾಗಿವೆ ನಮ್ಮ ಉದ್ಯಾನಗಳು.

ಮೊದಲ ವರ್ಷ ಈ ತಪ್ಪನ್ನು ನಾವೇ ಮಾಡಿದೆವು. ಉದ್ಯಾನವೊಂದರ ಕಾಂಪೌಂಡ್ ಗೋಡೆಯುದ್ದಕ್ಕೂ ಬರಿದಾಗಿ ಬಿದ್ದಿದ್ದ ಮಣ್ಣಿನ ಪಟ್ಟಿಯನ್ನು ಒಂದು ಭಾನುವಾರ ಇಪ್ಪತ್ತು ಮಂದಿ ಸೇರಿ ಅಗೆದು, ಗೊಬ್ಬರ ಬೆರೆಸಿ, ಚೆಂಡುಹೂವಿನ ಸಸಿ ನೆಟ್ಟು, ಮೇಲೆ ನಾರಿನ ಪುಡಿ ಹರಡಿ ಬಂದೆವು. ಮರುದಿನ ಬೆಳಿಗ್ಗೆ ನೀರು ಹಾಕಲು ಹೋದವರಿಗೆ ಆ ಪಟ್ಟಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಾರಾಡುತ್ತ, ಇಳಿದು ನಾರು ಕೆದಕಿ ಮತ್ತೆ ಎದ್ದು ಸುತ್ತುತ್ತಿದ್ದ ನೀಲಿಪಟ್ಟೆ ಜೇನ್ನೊಣಗಳು ಕಂಡವು. ಕಾಲಿನ ತುಂಬ ಹಳದಿ ಪರಾಗ ಹೊತ್ತು ತಂದಿದ್ದವು, ಇಳಿಸಲು ಮನೆ ಇರಲಿಲ್ಲ. ಮೂರು ದಿನ ಹಾಗೇ ಬಂದು ಹೋದವು. ಅಂದಿನಿಂದ ಯಾವ ತೋಟದಲ್ಲೂ ನಾವು ಮೊದಲ ತಿಂಗಳು ನೆಲ ಮುಟ್ಟುವುದಿಲ್ಲ. ಬಿಸಿಲೇರಿದ ಮೇಲೆ ನೆಲದ ಮಟ್ಟದಲ್ಲಿ ಕುಳಿತು, ಪೆನ್ಸಿಲ್ ದಪ್ಪದ ರಂಧ್ರಗಳಿಗೆ ಯಾರು ಬಂದು ಹೋಗುತ್ತಾರೆ ಎಂದು ನೋಡಿ, ಜಾಗಕ್ಕೆ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿದ ನಂತರವೇ ಉಳಿದ ಕೆಲಸ.

ಯಾವ ಗಿಡಗಳನ್ನು ಬೆಳೆಸಬೇಕು?

ಒಂದೇ ಸಲ ಅರಳಿ ಮುಗಿಯುವ ಹತ್ತು ಗಿಡಗಳಿಗಿಂತ ಒಂದರ ನಂತರ ಒಂದು ಅರಳುವ ಐದು ಗಿಡಗಳು ಮೇಲು. ಮರ ನೆಡಲು ಜಾಗವಿದ್ದರೆ ಹೊಂಗೆ, ನೇರಳೆ, ಬೇವು, ನುಗ್ಗೆ ಇವೆಲ್ಲ ಸರಿ. ಯುಗಾದಿಯ ಆಸುಪಾಸಿನಲ್ಲಿ ಹೂ ಬಿಟ್ಟ ಹೊಂಗೆಯ ಕೆಳಗೆ ನಿಂತರೆ ಮರವೇ ಗುಂಯ್‌ಗುಡುವುದು ಕೇಳಿಸುತ್ತದೆ. ಕುಂಡಗಳಿಗೆ ತುಳಸಿ, ಕಾಮಕಸ್ತೂರಿ ಅತ್ಯುತ್ತಮ, ತೆನೆಯನ್ನು ಒಂದಿಷ್ಟಾದರೂ ಚಿವುಟದೆ ಬಿಡಬೇಕು ಅಷ್ಟೆ. ಅಡುಗೆಮನೆಯ ಡಬ್ಬಿಯಿಂದಲೇ ಕೊತ್ತಂಬರಿ, ಸಾಸಿವೆ ಬಿತ್ತಿ ಹೂವಿಗೆ ಬಿಡಬಹುದು. ಮಳೆಗಾಲದ ಕೊನೆಯಲ್ಲಿ ಹುಚ್ಚೆಳ್ಳು ಚೆಲ್ಲಿದರೆ ಹಳದಿ ಹೂವಿನ ಮಡಿಯೊಂದು ಹೆಚ್ಚು ಖರ್ಚಿಲ್ಲದೆ ಸಿದ್ಧ. ಕುಂಬಳ, ಸೌತೆ, ತೊಗರಿ, ಅವರೆ ಇದ್ದರೆ ತೋಟದವರಿಗೂ ಲಾಭ.

ನೆಡದೆಯೇ ಬರುವ ತುಂಬೆ, ನೆಗ್ಗಿಲು, ಮುಟ್ಟಿದರೆ ಮುನಿಗಳನ್ನು ಕಳೆ ಎಂದು ಕಿತ್ತುಹಾಕದಿರಿ, ಸಣ್ಣ ಜೇನ್ನೊಣಗಳಿಗೆ ಇವೇ ದಿನನಿತ್ಯದ ಊಟ. ಮೇಲೆ ಹೇಳಿದ ಉದ್ಯಾನದಲ್ಲಿ ನಾವು ನೆಟ್ಟಂಥ, ದಳಗಳು ಸುತ್ತು ಸುತ್ತಾಗಿ ಇಟ್ಟಣಿಸಿದ ಮಿಶ್ರತಳಿಯ ಹೂಗಳು ನೋಡಲು ಚೆಂದ, ಆದರೆ ಅವುಗಳಲ್ಲಿ ಹೆಚ್ಚಿನವುಗಳ ಮಕರಂದಕ್ಕೆ ಜೇನ್ನೊಣದ ನಾಲಿಗೆ ತಲುಪುವುದಿಲ್ಲ.

ರಸ್ತೆಬದಿಯ ನೀರುಕಾಯಿ ಮರದ ಕೆಂಪು ಹೂಗಳಲ್ಲಿ ಸತ್ತ ನಸರಿಗಳು ಕಾಣುವುದೇಕೆ?

ಆಫ್ರಿಕಾದಿಂದ ಬಂದ ಈ ಮರದ ಹೂವಿನೊಳಗಿನ ರಸ ನಸರಿಯಂಥ ಮುಳ್ಳಿಲ್ಲದ ಜೇನ್ನೊಣಗಳಿಗೆ ಮಾರಕ. ಇರುವ ಮರವನ್ನು ಕಡಿಸಲು ನಾವು ಹೇಳುವುದಿಲ್ಲ, ಹೊಸದಾಗಿ ನೆಡಬೇಡಿ ಎನ್ನುತ್ತೇವೆ.

ಬಿದಿರಿನ ಗೂಡು ಮಾಡುವುದು ಹೇಗೆ?

ಒಣಗಿದ ಬಿದಿರನ್ನು ಗಿಣ್ಣಿನ ಒಂದು ಬದಿಗೆ ಕತ್ತರಿಸಿದರೆ ಒಂದು ತುದಿ ತಾನಾಗಿಯೇ ಮುಚ್ಚಿರುತ್ತದೆ. ಕೊಳವೆಯ ಉದ್ದ ಸುಮಾರು 15 ಸೆಂಟಿಮೀಟರ್ ಇರಲಿ, ಒಳವ್ಯಾಸ 4ರಿಂದ 10 ಮಿಲಿಮೀಟರ್ ವರೆಗೆ ಬೇರೆ ಬೇರೆ ಅಳತೆಯವು ಬೆರೆತಿರಲಿ. ಬಾಯಿಯ ಅಂಚನ್ನು ಮರಳುಕಾಗದದಿಂದ ನುಣುಪು ಮಾಡಬೇಕು, ಸಿಬಿರಿದ್ದರೆ ರೆಕ್ಕೆ ಹರಿಯುತ್ತದೆ. ಇಪ್ಪತ್ತು ಮೂವತ್ತು ಕೊಳವೆಗಳನ್ನು ಕಟ್ಟಿ, ಮಳೆ ಎರಚದ ಸೂರಿನ ಕೆಳಗೆ, ಬೆಳಗಿನ ಬಿಸಿಲು ಬೀಳುವಂತೆ ಪೂರ್ವಕ್ಕೆ ಮುಖಮಾಡಿ, ಗಾಳಿಗೆ ತೂಗಾಡದಂತೆ ಬಿಗಿದರೆ ಸಾಕು. ಕಟ್ಟು ತೂಗಾಡುತ್ತಿದ್ದರೆ ಯಾವ ಜೇನ್ನೊಣವೂ ಬರುವುದಿಲ್ಲ.

ಅಂಗಡಿಗಳಲ್ಲಿ ಸಿಗುವ, ನೂರಾರು ರಂಧ್ರಗಳ ದೊಡ್ಡ ‘ಬೀ ಹೋಟೆಲ್’ಗಳನ್ನು ಕೊಳ್ಳಬೇಡಿ. ಅಷ್ಟು ಗೂಡುಗಳು ಒಂದೇ ಕಡೆ ಸೇರಿದರೆ ಬೂಷ್ಟು, ನುಸಿ ಮತ್ತು ಪರಾವಲಂಬಿ ಕಣಜಗಳಿಗೆ ಅದೇ ಜಾತ್ರೆಯಾಗುತ್ತದೆ. ಹತ್ತು ಕಡೆ ಹತ್ತು ಚಿಕ್ಕ ಕಟ್ಟುಗಳು ಉತ್ತಮ. ಮರಿಗಳು ಹೊರಬಂದ ಖಾಲಿ ಕೊಳವೆಗಳನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಬಾಯಿಗೆ ಎಲೆ ಅಥವಾ ಮಣ್ಣು ಮೆತ್ತಿದ ಕೊಳವೆಯನ್ನು ಮಾತ್ರ ಕುತೂಹಲಕ್ಕೂ ಸೀಳಿ ನೋಡಬೇಡಿ. ಒಳಗೆ ಒಂದರ ಹಿಂದೊಂದು ಕೋಣೆಗಳಿದ್ದು, ಪ್ರತಿ ಕೋಣೆಯಲ್ಲೂ ಪರಾಗ ಮಕರಂದ ಕಲಸಿದ ಉಂಡೆ, ಅದರ ಜೊತೆ ಒಂದು ಮೊಟ್ಟೆ ಇರುತ್ತದೆ. ತಾಯಿ ಹೆಣ್ಣುಮರಿಗಳನ್ನು ಹಿಂದಿನ ಕೋಣೆಗಳಲ್ಲೂ ಗಂಡುಗಳನ್ನು ಬಾಗಿಲ ಬಳಿಯೂ ಇರಿಸಿರುತ್ತಾಳೆ, ಮೊದಲು ಹೊರಬರುವುದು ಗಂಡುಗಳೇ.

ಬಿದಿರು ಸಿಗದಿದ್ದರೆ ಗುಲಾಬಿ, ಲಂಟಾನದ ಗಿಡ ಸವರುವಾಗ ಒಂದಿಷ್ಟು ಕಡ್ಡಿಗಳನ್ನು ಒಂದೂವರೆ ಅಡಿ ಎತ್ತರಕ್ಕೆ ಹಾಗೇ ಬಿಟ್ಟುಬಿಡಿ. ಕತ್ತರಿಸಿದ ತುದಿಯ ಬೆಂಡನ್ನು ಕೊರೆದು ಒಳಸೇರುವ ಪುಟ್ಟ ಜೇನ್ನೊಣಗಳಿಗೆ ಅಷ್ಟೇ ಸಾಕು.

ಮಕ್ಕಳಿಗೆ ಕುಟುಕುವುದಿಲ್ಲವೇ ಎಂದು ಮನೆಯಲ್ಲಿ ಕೇಳುತ್ತಾರೆ, ಏನು ಹೇಳಲಿ?

ಇದ್ದದ್ದನ್ನು ಇದ್ದಂತೆ ಹೇಳಿ. ಗಂಡು ಜೇನ್ನೊಣಗಳಿಗೆ ಕುಟುಕುವ ಮುಳ್ಳೇ ಇಲ್ಲ. ನಸರಿಗೆ ಕುಟುಕಲು ಬರುವುದಿಲ್ಲ, ಗೂಡು ಕೆಣಕಿದರೆ ಕೂದಲಿಗೆ ಸಿಕ್ಕಿ ಕಚ್ಚುತ್ತದೆ. ಒಂಟಿ ಜೇನ್ನೊಣಗಳು ಕೈಯಲ್ಲಿ ಹಿಡಿದು ಹಿಸುಕಿದರೆ ಹೊರತು ಸಾಮಾನ್ಯವಾಗಿ ಕುಟುಕುವುದಿಲ್ಲ, ಕಾಯಲು ಅವಕ್ಕೆ ಸಂಸಾರವೇ ಇಲ್ಲ. ನಿಜವಾದ ಅಪಾಯ ಇರುವುದು ಹೆಜ್ಜೇನಿನಲ್ಲಿ. ಆದ್ದರಿಂದ ಹೆಜ್ಜೇನು ಕಟ್ಟಿರುವ ಮರ ಅಥವಾ ಕಟ್ಟಡದ ಬುಡದಲ್ಲಿ ನಾವು ಯಾವ ಚಟುವಟಿಕೆಯನ್ನೂ ಇಟ್ಟುಕೊಳ್ಳುವುದಿಲ್ಲ.

ಜೇನು ಕುಟುಕಿ ಹಿಂದೆ ಅಲರ್ಜಿಯಾಗಿದ್ದವರು ಹೆಸರು ಕೊಡುವಾಗಲೇ ತಿಳಿಸಬೇಕು, ಅವರಿಗೆ ದಾಖಲಾತಿ ಮತ್ತು ಚಿತ್ರ ಬಿಡಿಸುವ ಕೆಲಸ ಕೊಡುತ್ತೇವೆ. ಯಾರಿಗಾದರೂ ಕುಟುಕಿದರೆ ಮುಳ್ಳನ್ನು ಉಗುರಿನಿಂದಾದರೂ ಸರಿ, ತಡಮಾಡದೆ ತೆಗೆದು, ತೊಳೆದು, ತಣ್ಣೀರಿನ ಬಟ್ಟೆ ಇಡಿ. ಉಸಿರಾಟಕ್ಕೆ ತೊಂದರೆ, ತುಟಿ ಅಥವಾ ಗಂಟಲಿನ ಊತ, ಮೈತುಂಬ ದದ್ದು, ತಲೆಸುತ್ತು ಕಂಡರೆ, ಅಥವಾ ಒಂದೇ ಸಲ ಹಲವಾರು ಹೆಜ್ಜೇನು ಕುಟುಕಿದ್ದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮ ಅಪಾರ್ಟ್‌ಮೆಂಟಿನ ಸಜ್ಜಾಕ್ಕೆ ಹೆಜ್ಜೇನು ಕಟ್ಟಿದೆ, ಔಷಧ ಹೊಡೆಸಬೇಕು ಎನ್ನುತ್ತಿದ್ದಾರೆ. ತಡೆಯಬಹುದೇ?

ನಮಗೆ ಅತಿ ಹೆಚ್ಚು ಬರುವ ಕರೆ ಇದು, ಮತ್ತು ಅತಿ ಹೆಚ್ಚು ಸಂಕಟ ತರುವುದೂ ಇದೇ. ಒಂದು ಹಾಸ್ಟೆಲಿನಿಂದ ಕರೆ ಬಂದು ನಾವು ತಲುಪುವಷ್ಟರಲ್ಲಿ ಔಷಧ ಹೊಡೆದು ಮುಗಿದಿತ್ತು. ಮೆಟ್ಟಿಲ ಮೇಲೆ ಅಂಗಾಲು ಊರಲು ಜಾಗವಿಲ್ಲದಂತೆ ಸತ್ತ ಹಾಗೂ ಸಾಯುತ್ತಿರುವ ಹುಳುಗಳು ಬಿದ್ದಿದ್ದವು, ಕಾವಲುಗಾರರೊಬ್ಬರು ಪೊರಕೆಯಿಂದ ಗುಡಿಸಿ ಬಕೆಟ್ಟಿಗೆ ತುಂಬುತ್ತಿದ್ದರು.

ನಿವಾಸಿಗಳಿಗೆ ತಿಳಿಸಬೇಕಾದ ಮುಖ್ಯ ಸಂಗತಿಯೆಂದರೆ ಹೆಜ್ಜೇನು ವಲಸೆ ಹೋಗುವ ಜೇನು. ಹೂವಿನ ಕಾಲಕ್ಕೆ ಬಂದು ಕಟ್ಟಿ, ಕೆಲವು ತಿಂಗಳ ನಂತರ ಹಲ್ಲೆಯನ್ನು ಬಿಟ್ಟು ತಾನಾಗಿಯೇ ಹೊರಟುಹೋಗುತ್ತದೆ. ಆರನೆಯ ಮಹಡಿಯ ಸಜ್ಜಾದಲ್ಲಿ ಯಾರ ಕೈಗೂ ಎಟುಕದಂತೆ ಇರುವ ಹಲ್ಲೆಯನ್ನು ಅಷ್ಟು ಕಾಲ ಸಹಿಸಿಕೊಳ್ಳಬಹುದು. ಹತ್ತಿರದ ಬಾಲ್ಕನಿಯ ದೀಪವನ್ನು ರಾತ್ರಿ ಆರಿಸಿ ಪರದೆ ಎಳೆದರೆ ಬೆಳಕಿಗೆ ಬಂದು ಬೀಳುವುದು ನಿಲ್ಲುತ್ತದೆ. ಹಲ್ಲೆಯ ಕೆಳಗೆ ಪಟಾಕಿ, ಹೊಗೆ, ಕಲ್ಲೆಸೆತ ಕೂಡದು. ಮಗುವಿನ ಕೋಣೆಯ ಕಿಟಕಿಗೇ ಅಂಟಿಕೊಂಡಂತೆ ಕಟ್ಟಿದ್ದರೆ ಮಾತು ಬೇರೆ. ಆಗ ಜೀವಂತವಾಗಿ ಸ್ಥಳಾಂತರಿಸುವ ಅನುಭವಸ್ಥರನ್ನೇ ಕರೆಸಬೇಕು. ವಿದ್ಯಾರ್ಥಿಗಳು ಎಂಥ ಸಂದರ್ಭದಲ್ಲೂ ಹೆಜ್ಜೇನಿನ ಹಲ್ಲೆಗೆ ಕೈಹಾಕಕೂಡದು. ನಿವಾಸಿಗಳ ಸಭೆಗೆ ಹೋಗಿ, ಹೆದರಿದವರ ಮಾತನ್ನು ಪೂರ್ತಿ ಕೇಳಿ, ಆಮೇಲೆ ಇದನ್ನು ವಿವರಿಸಿ. ಹೆದರಿಕೆ ಸುಳ್ಳಲ್ಲ, ಅದನ್ನು ತಳ್ಳಿಹಾಕಿದರೆ ನಿಮ್ಮ ಮಾತನ್ನು ಯಾರೂ ಕೇಳುವುದಿಲ್ಲ.

ಎಣಿಕೆ ಮಾಡುವುದು ಹೇಗೆ? ಪ್ರಭೇದಗಳ ಹೆಸರು ಗೊತ್ತಿಲ್ಲದಿದ್ದರೆ?

ಒಂದು ಮೀಟರ್ ಉದ್ದಗಲದ ಹೂವಿನ ಜಾಗ ಆರಿಸಿಕೊಂಡು, ನೆರಳು ಅದರ ಮೇಲೆ ಬೀಳದಂತೆ ಕುಳಿತು, ಹತ್ತು ನಿಮಿಷದಲ್ಲಿ ಬಂದವುಗಳನ್ನೆಲ್ಲ ಬರೆದುಕೊಳ್ಳುವುದು. ದಿನಾಂಕ, ಹೊತ್ತು, ಬಿಸಿಲೋ ಮೋಡವೋ, ಯಾವ ಹೂ ಎಂಬುದು ಕಡ್ಡಾಯ. ಪ್ರಭೇದದ ಹೆಸರು ಬೇಕಿಲ್ಲ. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ, ದುಂಬಿ, ನೀಲಿಪಟ್ಟೆ, ಎಲೆಕತ್ತರಿ, ಇತರೆ ಎಂಬ ಎಂಟು ಮನೆಗಳಲ್ಲಿ ಗೀಟು ಹಾಕಿದರೆ ಸಾಕು. ಒಂದೂ ಬರದಿದ್ದರೆ ಸೊನ್ನೆ ಬರೆಯಿರಿ, ಸೊನ್ನೆಗೂ ಬೆಲೆಯಿದೆ. ಸ್ಪಷ್ಟ ಚಿತ್ರ ಸಿಕ್ಕಿದರೆ ಜೀವಿಗಳ ಚಿತ್ರ ಹಂಚಿಕೊಳ್ಳುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಹಾಕಿ, ತಿಳಿದವರು ಗುರುತಿಸಲು ನೆರವಾಗುತ್ತಾರೆ. ಹಿಡಿಯುವುದು, ಡಬ್ಬಿಗೆ ಹಾಕುವುದು, ಕೊಲ್ಲುವುದು ನಮ್ಮಲ್ಲಿಲ್ಲ.

ಜೇನ್ನೊಣದಂತೆ ವೇಷ ಹಾಕಿದ ನೊಣಗಳು ಎಲ್ಲರನ್ನೂ ಮೊದಮೊದಲು ಮೋಸಗೊಳಿಸುತ್ತವೆ. ನೊಣಕ್ಕೆ ಎರಡೇ ರೆಕ್ಕೆ, ಮುಖದ ತುಂಬ ಕಣ್ಣು, ಮೀಸೆ ತೀರ ಗಿಡ್ಡ. ಕಣಜಕ್ಕೆ ನಡು ಸಣ್ಣ, ಮೈ ನುಣುಪು. ಜೇನ್ನೊಣಕ್ಕೆ ಸಾಮಾನ್ಯವಾಗಿ ಮೈಮೇಲೆ ರೋಮ, ಹೆಣ್ಣಾದರೆ ಕಾಲಿಗೋ ಹೊಟ್ಟೆಯಡಿಗೋ ಮೆತ್ತಿದ ಪರಾಗ.

ತಾರಸಿ ತೋಟದವರು ‘ನಮಗೇನು ಪ್ರಯೋಜನ’ ಎಂದರೆ?

ಬದನೆ ಹೂವಿನ ಬಳಿ ಬೆಳಿಗ್ಗೆ ಅವರನ್ನೇ ಕರೆದು ನಿಲ್ಲಿಸಿ. ಬದನೆ, ಟೊಮೆಟೊ ಹೂಗಳ ಪರಾಗ ಕೇಸರದ ತುದಿಯ ಸಣ್ಣ ಕಿಂಡಿಯೊಳಗೆ ಭದ್ರವಾಗಿರುತ್ತದೆ, ಅಲುಗಿಸಿದರೆ ಮಾತ್ರ ಉದುರುತ್ತದೆ. ತುಡುವೆ, ಹೆಜ್ಜೇನುಗಳಿಗೆ ಈ ವಿದ್ಯೆ ತಿಳಿಯದು. ನೀಲಿಪಟ್ಟೆ ಜೇನ್ನೊಣ ಮತ್ತು ದುಂಬಿ ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನಷ್ಟೇ ಕಂಪಿಸುತ್ತವೆ. ಝೇಂಕಾರದ ಶ್ರುತಿ ಒಮ್ಮೆಲೇ ಏರಿದ್ದು ಕಿವಿಗೆ ಕೇಳಿಸುತ್ತದೆ, ಪರಾಗ ಪುಡಿಯಾಗಿ ಅದರ ಹೊಟ್ಟೆಗೆ ಸುರಿಯುತ್ತದೆ. ಪ್ಯಾಶನ್ ಹಣ್ಣಿನ ಬಳ್ಳಿ ಇದ್ದವರಿಗಂತೂ ದುಂಬಿ ಬೇಕೇ ಬೇಕು. ಇದನ್ನು ಕಣ್ಣಾರೆ ಕಂಡ ಮೇಲೆ ಹಳೆಯ ಮರದ ತೊಲೆಯೊಂದನ್ನು ತಾರಸಿಯ ಮೂಲೆಯಲ್ಲಿ ಇಟ್ಟುಕೊಳ್ಳಲು ಒಪ್ಪದವರು ಕಡಿಮೆ.

ಕೀಟನಾಶಕದ ಬಗ್ಗೆ ನಿಮ್ಮ ನಿಲುವೇನು?

ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥವು ಗಿಡದ ಮೈಯೆಲ್ಲ ಹರಡಿ ಪರಾಗ, ಮಕರಂದಕ್ಕೂ ಸೇರುತ್ತವೆ. ಇವನ್ನು ಬಳಸುವ ತೋಟದಲ್ಲಿ ಹೂಗಿಡ ಬೆಳೆಸುವುದೆಂದರೆ ಜೇನ್ನೊಣಗಳನ್ನು ಕರೆದು ವಿಷ ಬಡಿಸಿದಂತೆ. ಅಂಥಲ್ಲಿ ನಾವು ಕೆಲಸ ಆರಂಭಿಸುವುದಿಲ್ಲ. ಬೇವಿನೆಣ್ಣೆಯನ್ನೂ ಹೂವಿನ ಮೇಲೆ ಬೀಳದಂತೆ, ಜೇನ್ನೊಣಗಳ ಓಡಾಟ ನಿಂತ ಮೇಲೆ, ಮುಸ್ಸಂಜೆಯಲ್ಲಿ ಸಿಂಪಡಿಸಬೇಕು.

ಈ ಕೆಲಸ ಎನ್‌ಎಸ್‌ಎಸ್ ಗಂಟೆಗಳಿಗೆ ಸೇರುತ್ತದೆಯೇ?

ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120ರಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ನಿಮ್ಮ ಕಾಲೇಜಿನ ಕಾರ್ಯಕ್ರಮಾಧಿಕಾರಿಗಳು ಮೊದಲೇ ಒಪ್ಪಿದ್ದರೆ ಸೇರಿಸಿಕೊಳ್ಳುತ್ತಾರೆ, ಹಾಜರಾತಿ ಪತ್ರ ನಾವು ಕೊಡುತ್ತೇವೆ. ಪ್ರಮಾಣಪತ್ರಕ್ಕಾಗಿ ಬಂದರೂ ಸರಿ, ಆದರೆ ಮೇ 20ರ ವಿಶ್ವ ಜೇನ್ನೊಣ ದಿನದಂದು ಮಾತ್ರ ಬಂದು ಹೋಗುವುದಾದರೆ ಬೇಡ.

ಪರೀಕ್ಷೆ ಮತ್ತು ಬೇಸಿಗೆ ರಜೆಯಲ್ಲಿ ತೋಟವನ್ನು ಯಾರು ನೋಡಿಕೊಳ್ಳುತ್ತಾರೆ?

ನಮ್ಮ ಕೆಲಸದ ದುರ್ಬಲ ಭಾಗ ಇದೇ. ಮಾರ್ಚಿನಿಂದ ಮೇವರೆಗೆ ಹೊಂಗೆ, ನೇರಳೆ, ಬೇವು ಹೂ ಬಿಟ್ಟು ಜೇನ್ನೊಣಗಳು ಅತಿ ಹೆಚ್ಚು ದುಡಿಯುವ, ನೀರು ಅತಿ ಕಡಿಮೆ ಇರುವ ಹೊತ್ತಿಗೇ ವಿದ್ಯಾರ್ಥಿಗಳು ಪರೀಕ್ಷೆಗೆ ಓದುತ್ತಿರುತ್ತಾರೆ, ಇಲ್ಲವೇ ಊರಿಗೆ ಹೋಗಿರುತ್ತಾರೆ. ಹಾಗಾಗಿ ಫೆಬ್ರವರಿ ಕೊನೆಯೊಳಗೆ ಪ್ರತಿ ತೋಟಕ್ಕೂ ಅಲ್ಲಿಯೇ ಇರುವ ಒಬ್ಬರನ್ನು ಗೊತ್ತುಮಾಡಿಕೊಳ್ಳುತ್ತೇವೆ. ಬೆಳಗಿನ ನಡಿಗೆಗೆ ಬರುವ ಹಿರಿಯರು, ಉದ್ಯಾನದ ಮಾಲಿ, ಕಾವಲುಗಾರರ ಮನೆಯ ಮಕ್ಕಳು, ಯಾರಾದರೂ ಆಗಬಹುದು. ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಹಗ್ಗ ಕಟ್ಟಿದ ಬೋಳು ಮಣ್ಣನ್ನು, ನಸರಿಯ ಕೊಳವೆಯನ್ನು, ಕೋಲುಜೇನಿನ ಬೇಲಿಯನ್ನು ತೋರಿಸಿ, ಬೇಲಿ ಸವರಲು ಆಳುಗಳು ಬಂದ ದಿನ ನಮಗೊಂದು ಫೋನು ಮಾಡಲು ಕೇಳಿಕೊಳ್ಳುತ್ತೇವೆ. ಕಾಲೂರಿ ನೀರು ಕುಡಿಯಲು ಬೆಣಚುಕಲ್ಲು ತುಂಬಿದ ಮಣ್ಣಿನ ತಟ್ಟೆಯನ್ನು ನೆರಳಿನಲ್ಲಿಟ್ಟು, ದಿನಾ ಬೆಳಿಗ್ಗೆ ಹಳೆಯ ನೀರು ಚೆಲ್ಲಿ ಹೊಸದು ಹಾಕುವ ಕೆಲಸವನ್ನೂ ಅವರಿಗೆ ಒಪ್ಪಿಸಿ, ಜೂನ್‌ನಲ್ಲಿ ಕಾಲೇಜು ತೆರೆದ ಮೊದಲ ವಾರವೇ ಹೋಗಿ ಅವರು ಕಂಡದ್ದನ್ನು ಕೇಳಿ ಬರೆದುಕೊಳ್ಳುತ್ತೇವೆ.